ಬೆಲ್ಲವಿಲ್ಲದ ಕೊಬ್ಬರಿ

ಚಪಲ ಬಂದಾಗ ಒಂದು ಹೋಳು ಕೊಬ್ಬರಿ ಬಾಯಿಗೆ ಹಾಕಿಕೊಳ್ಳಿ, ಇಲ್ಲವೇ ಒಂದು ಚಮಚ ಕೊಬ್ಬರಿ ಎಣ್ಣೆ ಕುಡಿಯಿರಿ. ಅನ್ನ, ಮುದ್ದೆ, ಸಕ್ಕರೆ ಬಿಟ್ಟವರಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಯಾರು ಬೇಕಾದರೂ ಕೊಡುವ ಸಲಹೆ ಇದು. ಇದರ ಜೊತೆಗೇ ಇನ್ನೊಂದು ಮಾತು ಬರುತ್ತದೆ: ಕೆಲವರದು ಹುಟ್ಟಿನಿಂದಲೇ ಚಟದ ಸ್ವಭಾವ, ಅಂಥವರು ಒಂದು ತುತ್ತು ಸಿಹಿ ಮುಟ್ಟಿದರೂ ಮುಗಿಯಿತು. ಈ ಎರಡು ಮಾತುಗಳಿಗೂ ಅವುಗಳ ಯೋಗ್ಯತೆಗೆ ಮೀರಿದ ಗೌರವ ಸಿಕ್ಕಿದೆ ಎಂಬುದು ನನ್ನ ನಿಲುವು.

ಕಾರ್ಬ್ ಕಡಿಮೆ ಮಾಡುವ ಪಥ್ಯದ ಬಗ್ಗೆ ನನ್ನ ತಕರಾರು ದೊಡ್ಡದೇನಲ್ಲ. 1863ರ ಬ್ಯಾಂಟಿಂಗ್ ಪುಸ್ತಿಕೆ, 1972ರ ಅಟ್ಕಿನ್ಸ್ ಪುಸ್ತಕ, ಆಂಧ್ರದಿಂದ ನಮ್ಮ ಕಡೆಗೂ ಹರಿದು ಬಂದ ವೀರಮಾಚನೇನಿ ರಾಮಕೃಷ್ಣರ ಕ್ರಮ, ಇವೆಲ್ಲ ಹೇಳಿದ್ದು ಆ ಪಥ್ಯವನ್ನೇ. ಪಿಷ್ಟ ಇಳಿಸಿದರೆ ರಕ್ತದ ಸಕ್ಕರೆ ಇಳಿಯುತ್ತದೆ. ಹಾಗೆ ಇಳಿಯುತ್ತದೆ ಎಂಬ ಕಾರಣಕ್ಕೇ ಇನ್ಸುಲಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು, ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಅಪಾಯವಿರುವುದರಿಂದ ಡಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಇಲ್ಲಿ ನಾನು ಪರೀಕ್ಷಿಸಲು ಹೊರಟಿರುವುದು ಆ ಕೊಬ್ಬರಿ ಹೋಳನ್ನು ಮಾತ್ರ.

ಸಲಹೆ ಈ ನೆಲದಲ್ಲಿ ಬೇರೂರಿದ್ದು ಸಹಜ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಎಂಟು ಹತ್ತು ತಿಂಗಳು ಬಿಟ್ಟು, ಒಳಗಿನ ನೀರೆಲ್ಲ ಇಂಗಿ ಗಡಿಗಡಿ ಸದ್ದು ಬಂದಾಗ ಒಡೆದರೆ ಸಿಗುವ ಉಂಡೆ ಕೊಬ್ಬರಿ ಇಲ್ಲಿನ ಮನೆಮನೆಯ ಆಸ್ತಿ. ನೂರು ಗ್ರಾಂ ಕೊಬ್ಬರಿಯಲ್ಲಿ ಸುಮಾರು 65 ಗ್ರಾಂ ಜಿಡ್ಡು. ಪಿಷ್ಟ 24 ಗ್ರಾಂ ಇದ್ದರೂ ಅದರಲ್ಲಿ ಹದಿನಾರು ನಾರು. ಲೆಕ್ಕ ನೋಡಿದವರಿಗೆ ಇದು ಈ ಪಥ್ಯಕ್ಕೆಂದೇ ಹುಟ್ಟಿದ ಪದಾರ್ಥ ಅನ್ನಿಸುತ್ತದೆ. ರಾಮಕೃಷ್ಣರ ಕ್ರಮದಲ್ಲಂತೂ ದಿನಕ್ಕೆ 70ರಿಂದ 100 ಗ್ರಾಂ ಜಿಡ್ಡು ಒಳಗೆ ಹೋಗಬೇಕು, ಅದಕ್ಕೆ ಕೊಬ್ಬರಿ ಎಣ್ಣೆಯೇ ಮುಂದು. ತಮ್ಮ ತೋಟದ ಬೆಳೆಯೇ ತಮ್ಮ ಔಷಧ ಎಂದರೆ ಯಾರಿಗೆ ಸಂತೋಷವಾಗುವುದಿಲ್ಲ?

ಆದರೆ ಎಣ್ಣೆಯ ಕೀರ್ತಿ ಅದು ದುಡಿದು ಗಳಿಸಿದ್ದಲ್ಲ, ಕಡ ತಂದದ್ದು. 1971ರಲ್ಲಿ ನರವೈದ್ಯ ಪೀಟರ್ ಹಟನ್‌ಲಾಕರ್ ಮೂರ್ಛೆರೋಗದ ಮಕ್ಕಳಿಗೆ ಎಂಸಿಟಿ, ಅಂದರೆ ಮಧ್ಯಮ ಸರಪಳಿಯ ಜಿಡ್ಡಿನ ಎಣ್ಣೆಯ ಪಥ್ಯ ಕೊಟ್ಟರು. ಆ ಎಣ್ಣೆ ಬಹುಬೇಗ ಈಲಿಗೆ ಹೋಗಿ, ಸಕ್ಕರೆಯ ಬದಲು ಮೈಗೆ ಇಂಧನವಾಗಿ ಒದಗುವ ಕೀಟೋನ್ ಆಗುತ್ತದೆ. ಎಂಸಿಟಿಯನ್ನು ತೆಂಗಿನಿಂದ ತೆಗೆಯುತ್ತಾರೆ ಎಂಬುದು ನಿಜ, ತೆಂಗಿನ ಎಣ್ಣೆಯೇ ಎಂಸಿಟಿ ಎಂಬುದು ನಿಜವಲ್ಲ. ಆ ಕೆಲಸ ಮಾಡುವ ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಆಮ್ಲಗಳು ಕೊಬ್ಬರಿ ಎಣ್ಣೆಯಲ್ಲಿ ಎರಡೂ ಸೇರಿ ಹದಿನೈದು ಪಾಲಿನ ಆಸುಪಾಸು. ಅರ್ಧದಷ್ಟು ಇರುವುದು ಲಾರಿಕ್ ಆಮ್ಲ, ಅದರ ಬಹುಪಾಲು ಬೇರೆ ಜಿಡ್ಡುಗಳ ದಾರಿಯಲ್ಲೇ ನಿಧಾನ ಸಾಗುತ್ತದೆ. 2017ರಲ್ಲಿ ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಆಮೇಲಿನ ಊಟವನ್ನು ಕಡಿಮೆ ಮಾಡಿದ್ದು ಎಂಸಿಟಿ. ಹೊಟ್ಟೆ ತುಂಬಿಸುವುದರಲ್ಲಿ ಕೊಬ್ಬರಿ ಎಣ್ಣೆ ಅದಕ್ಕಿಂತ ಹಿಂದೆ ಬಿತ್ತು. ನೂರು ಗ್ರಾಂ ಎಣ್ಣೆಯ 900 ಕ್ಯಾಲರಿ ಮಾತ್ರ ಲೆಕ್ಕಕ್ಕೆ ಬಂದೇ ಬರುತ್ತದೆ.

ಹಾಗಿದ್ದರೂ ಕೊಬ್ಬರಿ ಹಸಿವನ್ನು ತಡೆಯುತ್ತದಲ್ಲ ಎಂದರೆ, ತಡೆಯುತ್ತದೆ. ಅಗಿದು ತಿನ್ನುವ ಪದಾರ್ಥ, ನಾರಿದೆ, ಜಿಡ್ಡಿದೆ. ತೊಡಕಿರುವುದು ಚಪಲ ಹಸಿವಲ್ಲ ಎಂಬಲ್ಲಿ. ಹಸಿದವನಿಗೆ ಹುರುಳಿ ಸಾರೂ ಆಗುತ್ತದೆ, ನಿನ್ನೆಯ ಬಸ್ಸಾರೂ ಆಗುತ್ತದೆ. ಚಪಲಕ್ಕೆ ಅದೇ ಒಬ್ಬಟ್ಟು ಬೇಕು, ಅದೇ ಬೇಕರಿಯ ಅದೇ ಬನ್ನು ಬೇಕು. ಅದು ಮದುವೆ ಪಂಕ್ತಿಯಲ್ಲಿ ಹೊಟ್ಟೆ ಬಿರಿಯ ಉಂಡ ಮೇಲೆ ಬರುತ್ತದೆ, ಸಂಜೆ ಟೀ ಕಾಸುವ ವಾಸನೆಯ ಹಿಂದೆ ಬರುತ್ತದೆ, ಸಂತೆಯ ದಿನ ಬೋಂಡದ ಬಾಣಲೆ ಕಂಡಾಗ ಬರುತ್ತದೆ. ಹೊತ್ತು, ಜಾಗ, ಜೊತೆಗಾರರು ಕೂಡಿ ಎಬ್ಬಿಸುವ ಚಪಲಕ್ಕೆ ಹೊಟ್ಟೆಗೆ ಜಿಡ್ಡು ತುಂಬುವುದು ಮದ್ದಲ್ಲ.

ಇದಕ್ಕಿಂತ ಗಂಭೀರವಾದ ದೋಷ ಇನ್ನೊಂದಿದೆ, ಅದು ಈ ಸೀಮೆಯಲ್ಲಿ ಹುಟ್ಟಿದವರಿಗೆ ಮೊದಲು ಹೊಳೆಯಬೇಕಿತ್ತು. ಇಲ್ಲಿ ಕೊಬ್ಬರಿ ಒಂಟಿಯಾಗಿ ಬಾಯಿಗೆ ಬಂದದ್ದು ಯಾವಾಗ? ಸಂಕ್ರಾಂತಿಯ ಎಳ್ಳಿನಲ್ಲಿ ಅದು ಬೆಲ್ಲದ ಅಚ್ಚಿನ ಚೂರುಗಳ ಜೊತೆಗಿದೆ. ಕರ್ಜಿಕಾಯಿಯ ಹೂರಣದಲ್ಲಿ ಸಕ್ಕರೆಯ ಜೊತೆ, ಕೊಬ್ಬರಿ ಮಿಠಾಯಿಯಲ್ಲಿ ಪಾಕದ ಜೊತೆ. ಹಠ ಮಾಡುವ ಮಗುವಿನ ಕೈಗೆ ಅಜ್ಜಿ ಇಡುತ್ತಿದ್ದುದು ಕೊಬ್ಬರಿ ಬೆಲ್ಲ, ಬರೀ ಕೊಬ್ಬರಿಯಲ್ಲ. ಯೇಲ್ ವಿಶ್ವವಿದ್ಯಾಲಯದ ಡೇನಾ ಸ್ಮಾಲ್ ಮತ್ತು ಸಂಗಡಿಗರು 2018ರಲ್ಲಿ ಜನರ ಮುಂದೆ ತಿಂಡಿಗಳ ಚಿತ್ರವಿಟ್ಟು, ಇದಕ್ಕೆಷ್ಟು ಕೊಡುತ್ತೀರಿ ಎಂದು ಹರಾಜು ಕೂಗಿಸಿದರು. ಕ್ಯಾಲರಿ ಅಷ್ಟೇ, ರುಚಿಯ ಮೆಚ್ಚಿಗೆಯೂ ಅಷ್ಟೇ, ಆದರೂ ಜಿಡ್ಡೂ ಪಿಷ್ಟವೂ ಕೂಡಿದ ತಿಂಡಿಗೆ ಜನ ಹೆಚ್ಚು ಕೂಗಿದರು. ನಮ್ಮ ಕೊಬ್ಬರಿ ಬೆಲ್ಲ ಆ ಕೂಟದ ಹಳೆಯ ರೂಪ. ಅದರಲ್ಲಿ ಒಂದನ್ನು ಬಾಯಿಗೆ ಕೊಟ್ಟು ಇನ್ನೊಂದನ್ನು ಮರೆ ಎಂದರೆ ನಾಲಿಗೆ ಮರೆಯುವುದಿಲ್ಲ, ಕಾಯುತ್ತದೆ. ಕೇರಳದ ಎಣ್ಣೆಯಡುಗೆಯಲ್ಲಿ ಬೆಳೆದವನಿಗೆ ಈ ಮಾತು ಅನ್ವಯಿಸದೆ ಇರಬಹುದು. ಚಿಕ್ಕನಾಯಕನಹಳ್ಳಿಯಲ್ಲಿ ಬೆಳೆದವನಿಗೆ ಕೊಬ್ಬರಿಯ ರುಚಿಯೇ ಬೆಲ್ಲವನ್ನು ಕರೆಯುವ ಕೂಗು ಎಂದು ನಾನು ತಿಳಿಯುತ್ತೇನೆ. ಚಪಲಕ್ಕೆ ಮದ್ದೆಂದು ಕೊಟ್ಟದ್ದು ಚಪಲವನ್ನೇ ಎಬ್ಬಿಸುವ ಸಾಧ್ಯತೆಯನ್ನು ಈ ಸಲಹೆ ಕೊಡುವವರು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಹಿಡಿಯದಿರುವುದಕ್ಕೆ ಕಾರಣ, ತೆಂಗಿನ ಚರ್ಚೆಯೆಲ್ಲ ಬೇರೆ ಕಡೆ ಜಗ್ಗಿ ಹೋಯಿತು. 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಬ್ಬರಿ ಎಣ್ಣೆ ಬೇಡ ಎಂದಿತು. ಮರುವರ್ಷ ಹಾರ್ವರ್ಡ್‌ನಲ್ಲೂ ಕಲಿಸುತ್ತಿದ್ದ ಕಾರಿನ್ ಮೈಕೆಲ್ಸ್ ಜರ್ಮನಿಯ ಉಪನ್ಯಾಸವೊಂದರಲ್ಲಿ ಅದನ್ನು ವಿಷ ಎಂದೇ ಕರೆದರು. ನಮ್ಮ ಕೇಂದ್ರದ ತೋಟಗಾರಿಕೆ ಆಯುಕ್ತರು ಆ ಮಾತು ಹಿಂತೆಗೆಯಬೇಕೆಂದು ಹಾರ್ವರ್ಡ್‌ಗೆ ಪತ್ರ ಬರೆದರು. ಇತ್ತ ಡಾ. ಬಿ. ಎಂ. ಹೆಗ್ಡೆಯವರು ವರ್ಷಗಳಿಂದ ಅದೇ ಎಣ್ಣೆಯನ್ನು ಕೊಂಡಾಡುತ್ತ ಬಂದವರು. ಒಂದು ಬಣಕ್ಕೆ ವಿಷ, ಇನ್ನೊಂದಕ್ಕೆ ಅಮೃತ. ಒಂದು ಉಪನ್ಯಾಸದ ಏಟಿನ ಮಾತು ವೈದ್ಯಕೀಯ ತೀರ್ಪಲ್ಲ, ಮೈಕೆಲ್ಸ್ ಹಾಗೆ ಆಡಬಾರದಿತ್ತು. ಹಾಗೆಂದು, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಏರುತ್ತದೆ ಎಂಬ ಪುರಾವೆಯನ್ನು ಅಭಿಮಾನದಿಂದ ಅಳಿಸಲಾಗುವುದಿಲ್ಲ. ಹೆಗ್ಡೆಯವರ ಅಭಿಮಾನಿಗಳು ಮಾಡುತ್ತಿರುವುದು ಅದನ್ನೇ. 2023ರಲ್ಲಿ ಕೊಬ್ಬರಿ ಧಾರಣೆ ಬೆಂಬಲ ಬೆಲೆಗಿಂತ ಕೆಳಗೆ ಕುಸಿದು ತಿಪಟೂರಿನಲ್ಲಿ ರೈತರು ಧರಣಿ ಕೂತದ್ದನ್ನು ಬಲ್ಲವರಿಗೆ ಈ ಅಭಿಮಾನದ ಮೂಲ ಗೊತ್ತು, ನನಗೂ ಆ ಸಂಕಟ ನನ್ನದೇ. ಆದರೆ ಧಾರಣೆ ನಿಲ್ಲಬೇಕಾದದ್ದು ನಾಫೆಡ್ ಖರೀದಿಯ ಮೇಲೆ, ಬೆಂಬಲ ಬೆಲೆಯ ಮೇಲೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಗೊತ್ತಾದ ಕ್ವಿಂಟಲಿಗೆ 12,100 ರೂಪಾಯಿ ಸಾಕಿತ್ತೇ ಎಂದು ಕೇಳಬೇಕು. ಸಕ್ಕರೆ ಕಾಯಿಲೆಯವರ ಬಾಯಿಗೆ ಎಣ್ಣೆ ಹೊಯ್ದು ಧಾರಣೆ ಕಾಯುವುದು ಅನ್ಯಾಯ. ಎರಡು ಬಣಗಳೂ ಹೃದಯದ ಬಗ್ಗೆ ವಾದಿಸಿದವು, ಬಾಯಿಯ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಇನ್ನು ಚಟದ ಸ್ವಭಾವ. ಮನೋವೈದ್ಯರು ಬಳಸುವ ಡಿಎಸ್‌ಎಂ-5, 2013ರಲ್ಲಿ ಜೂಜನ್ನು ವ್ಯಸನದ ಸಾಲಿಗೆ ಸೇರಿಸಿತು, ಆಹಾರವನ್ನು ಸೇರಿಸಲಿಲ್ಲ. ಚಟದ ಸ್ವಭಾವ ಎಂಬ ಕಾಯಿಲೆಯೂ ಅದರಲ್ಲಿಲ್ಲ. ತಿನಿಸಿನ ವ್ಯಸನ ಅಳೆಯಲು 2009ರಲ್ಲಿ ಯೇಲ್ ಮಾಪಕ ಬಂತು, ಅದರ ಮೇಲಿನ ವಾದ ಮುಗಿದಿಲ್ಲ. ಕೆಲವರಿಗೆ ತುಡಿತ ಹೆಚ್ಚು ಎಂಬುದು ಸತ್ಯ, ಅವರ ಒದ್ದಾಟವೂ ಸತ್ಯ. ಆದರೆ ನಮ್ಮ ಸೀಮೆಯ ನಿಜವಾದ ವ್ಯಸನ ಕಣ್ಣೆದುರೇ ಇದೆ: ಅಡಿಕೆಯ ಅರೆಕೋಲಿನ್ ಮಿದುಳಿನ ಮೇಲೆ ನೇರ ಕೆಲಸ ಮಾಡುತ್ತದೆ, ಹೊಗೆಸೊಪ್ಪು ಸೇರಿದರೆ ಕೇಳುವುದೇ ಬೇಡ. ಒಬ್ಬಟ್ಟನ್ನು ಅದೇ ಸಾಲಿನಲ್ಲಿ ಕೂರಿಸಿ, ಅದನ್ನು ಬಯಸಿದವನ ಹುಟ್ಟುಗುಣವನ್ನೇ ದೂರುವುದು ಆತನಿಂದ ದಾರಿಯನ್ನೇ ಕಿತ್ತುಕೊಂಡಂತೆ. 2011ರಲ್ಲಿ ಪ್ರಕಟವಾದ ಎರಡು ವರ್ಷದ ಪರೀಕ್ಷೆಯೊಂದರಲ್ಲಿ ಪಿಷ್ಟ ಬಿಟ್ಟವರಿಗೆ ಪಿಷ್ಟದ ಚಪಲ ಇಳಿಯಿತು, ಜಿಡ್ಡು ಬಿಟ್ಟವರಿಗೆ ಜಿಡ್ಡಿನದು. ಕಲಿತದ್ದನ್ನು ಬಿಡಿಸಬಹುದು ಎಂದಾಯಿತು.

ಒಂದು ತುತ್ತಿಗೆ ಎಲ್ಲ ಮುಗಿಯಿತು ಎಂಬ ನಂಬಿಕೆ ಮಾಡುವ ಕೇಡು ತುತ್ತಿನ ಕೇಡಿಗಿಂತ ದೊಡ್ಡದು. 1975ರಲ್ಲಿ ಮನಶ್ಶಾಸ್ತ್ರದ ಸಂಶೋಧಕರಾದ ಹರ್ಮನ್ ಮತ್ತು ಮ್ಯಾಕ್, ಪಥ್ಯದವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಇಟ್ಟರು. ಕುಡಿದವರು ಕುಡಿಯದವರಿಗಿಂತ ಹೆಚ್ಚು ತಿಂದರು. ಕೆಟ್ಟೆ ಎಂದುಕೊಂಡವನು ಪೂರ್ತಿ ಕೆಡುತ್ತಾನೆ. ಕುಡಿತ ಬಿಟ್ಟವರಲ್ಲಿ ಇದನ್ನೇ ಕಂಡ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್, ಜಾರುವುದನ್ನು ಬೀಳುವುದೆಂದು ತಿಳಿಯಬೇಡಿ ಎಂದು ಕಲಿಸಿದರು.

ನಮ್ಮ ಶನಿವಾರದ ಒಪ್ಪೊತ್ತಿಗೆ ಈ ತಿಳಿವಳಿಕೆ ಇತ್ತು. ಅದು ಕಾರ್ಬ್ ಕಡಿಮೆಯ ವ್ರತ ಅಲ್ಲ. ಏಕಾದಶಿಯ ಅವಲಕ್ಕಿ, ಸಬ್ಬಕ್ಕಿ ಫಲಾಹಾರದಲ್ಲಿ ಪಿಷ್ಟವೇ ಪಿಷ್ಟ, ಅದನ್ನು ಆರೋಗ್ಯದ ಹೆಸರಲ್ಲಿ ಮಾರುವವರ ಜೊತೆ ನಾನಿಲ್ಲ. ನಾನು ಹೊಗಳುವುದು ಒಪ್ಪೊತ್ತಿನ ಕಾಲದ ಕಟ್ಟನ್ನು. ಇಂಥ ಹೊತ್ತಿಗೆ ಶುರು, ಇಂಥ ಹೊತ್ತಿಗೆ ಮುಗಿತಾಯ. ಒಂದು ವಾರ ತಪ್ಪಿದರೆ ಮುಂದಿನ ಶನಿವಾರ ಇದ್ದೇ ಇದೆ, ತಪ್ಪಿದವನ ಸ್ವಭಾವವನ್ನು ಯಾರೂ ಎತ್ತಿ ಆಡುವುದಿಲ್ಲ. ಕೊನೆಯಿಲ್ಲದ ಪಥ್ಯ ಹೇಳುವ ಇಂದಿನವರು ಇದನ್ನು ಗಮನಿಸಿಯೇ ಇಲ್ಲ.

ಅವರು ಗಮನಿಸದ ಇನ್ನೊಬ್ಬರು ಒಲೆ ಮುಂದಿನ ಹೆಂಗಸು. ತಾನು ಅನ್ನ ಬಿಟ್ಟಿದ್ದರೂ ಮನೆಯವರಿಗೆ ಮುದ್ದೆ ತೊಳಸಬೇಕು, ಹಬ್ಬಕ್ಕೆ ಹೂರಣ ರುಬ್ಬಿ ಸಿಹಿ ನೋಡಬೇಕು, ಕಾಯಿ ತುರಿಯುವಾಗ ಮಕ್ಕಳ ಬಾಯಿಗೊಂದು ಚಿಟಿಕೆ ಹಾಕಬೇಕು. ಬೆಲ್ಲದ ಡಬ್ಬಿ ಆಕೆಯ ಕೈಗೆಟಕುವಲ್ಲೇ ಇರುತ್ತದೆ. ಆಕೆಗೆ ಒಂದು ಹೋಳು ಕೊಬ್ಬರಿ ಕೊಟ್ಟು, ಆಗದಿದ್ದರೆ ನಿನ್ನದು ಚಟದ ಸ್ವಭಾವ ಎನ್ನುವ ಪಥ್ಯ ನನ್ನ ದೃಷ್ಟಿಯಲ್ಲಿ ಸೋತ ಪಥ್ಯ. ಮಧ್ಯಾಹ್ನದ ಊಟದಲ್ಲಿ ಹುರುಳಿಯೋ ಮೊಟ್ಟೆಯೋ ಹೆಚ್ಚಿಗೆ ಆಕೆಯ ತಟ್ಟೆಗೆ ಬೀಳಲಿ, ಸಂಜೆಯ ಟೀಯನ್ನು ಮನೆಯ ಬೇರೊಬ್ಬರು ಕಾಸಲಿ, ಹಬ್ಬದ ದಿನ ಆಕೆ ಎಲ್ಲರ ಪಂಕ್ತಿಯಲ್ಲಿ ಕೂತು ಒಂದು ಒಬ್ಬಟ್ಟು ತಿಂದು ಮರುದಿನ ತನ್ನ ಊಟಕ್ಕೆ ಮರಳಲಿ. ಕೊಬ್ಬರಿ ಅಟ್ಟದ ಮೇಲಿರಲಿ, ಧಾರಣೆ ಬಂದಾಗ ತಿಪಟೂರಿನ ಮಾರುಕಟ್ಟೆಗೆ ಹೋಗಲಿ.