ಮೂರನೆಯ ಹೆಜ್ಜೆಯಲ್ಲಿ ಮನೆಯವರು

‘ಡಿಜಿಟಲ್ ಅರೆಸ್ಟ್’ ಎಂಬ ಮೋಸದಿಂದ ಪಾರಾಗಲು ಪ್ರಧಾನಿ ಮೋದಿಯವರು 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಮೂರು ಹೆಜ್ಜೆ ಹೇಳಿಕೊಟ್ಟರು: ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ. ಕಾನೂನಿನಲ್ಲಿ ಇಂಥ ಬಂಧನವೇ ಇಲ್ಲವೆಂದದ್ದು ಒಳ್ಳೆಯದಾಯಿತು. ಆದರೆ 1930ಕ್ಕೆ ಕರೆ ಮಾಡುವುದು, ಮನೆಯವರಿಗೆ ತಿಳಿಸುವುದು ಬರುವುದು ಮೂರನೆಯ ಹೆಜ್ಜೆಯಲ್ಲಿ. ನಮ್ಮ ತಕರಾರು ಇಲ್ಲಿಯೇ.

ಮೋಸಗಾರ ಹಣ ಕೇಳುವ ಮುಂಚೆ ಮನುಷ್ಯನನ್ನು ಒಂಟಿಯಾಗಿಸುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಬಾಗಿಲು ಹಾಕಿಕೊಳ್ಳಿ, ಕ್ಯಾಮೆರಾ ಆರಿಸಬೇಡಿ, ಯಾರಿಗೂ ಹೇಳಬೇಡಿ ಎನ್ನುತ್ತಾನೆ. ಹಾಗೆ ಕೂತವರು ಯೋಚಿಸುವುದಾದರೂ ಹೇಗೆ? ಅದರಲ್ಲೂ, ಹೆಸರು ಕೇಳಿದೊಡನೆ ಠಾಣೆಯಲ್ಲಿ ಮುಖಭಾವ ಬದಲಾಗುವುದನ್ನು ಕಂಡಿರುವ ನಮ್ಮ ಮೊಹಲ್ಲಾಗಳ ಜನರ ಖಾಕಿ ಭಯವನ್ನು ದಡ್ಡತನವೆನ್ನಲಾಗದು. ‘ಓದಿದವರೂ ಮೋಸ ಹೋದರೇ!’ ಎಂದು ಅಚ್ಚರಿಪಡುವ ಪತ್ರಿಕೆಗಳು ಈ ಭಯದ ಬಗ್ಗೆ ಬರೆಯುವುದು ಅಪರೂಪ.

ಪೊಲೀಸರು ಕಳಿಸುವ ಫೋನುಗಳನ್ನು ಪರೀಕ್ಷಿಸುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ ನಮ್ಮ ಮಡಿವಾಳದಲ್ಲೇ ಇದೆ. ಅದರ ಕೆಲಸ ಶುರುವಾಗುವುದು ಹಣ ಹೋದ ಮೇಲೆ. ಹೋಗುವ ಮುಂಚಿನ ಮಾತನ್ನು ಮಸೀದಿಯ ಹಲಗೆಯ ಮೇಲೂ ರೇಷನ್ ಅಂಗಡಿಯ ಗೋಡೆಯ ಮೇಲೂ ಕನ್ನಡ, ಉರ್ದು ಎರಡರಲ್ಲೂ ಬರೆಯಿಸಬೇಕು: ಮೊದಲು ಬಾಗಿಲು ತೆಗೆಯಿರಿ, ಮನೆಯವರನ್ನು ಕೂಗಿರಿ. ಮಕ್ಕಳು ಪರದೇಶದಲ್ಲಿರುವ ಹಿರಿಯರು ಪಕ್ಕದ ಮನೆಯ ಬಾಗಿಲನ್ನಾದರೂ ಬಡಿಯಲಿ.