ಐದು ಲೋಟಗಳ ಏಣಿ

ಇಂದಿರಾನಗರದ ಬ್ರೂಪಬ್ಬುಗಳಲ್ಲಿ ಸ್ಯಾಂಪ್ಲರ್ ಕೇಳಿದರೆ ಮರದ ಹಲಗೆಯ ಮೇಲೆ ಐದಾರು ಪುಟ್ಟ ಲೋಟ ಬರುತ್ತವೆ. ಎಡತುದಿಗೆ ಹುಲ್ಲುಬಣ್ಣದ ಲಾಗರ್, ಪಕ್ಕದಲ್ಲಿ ಮಬ್ಬುಮಬ್ಬಾದ ಗೋಧಿ ಬಿಯರ್, ನಡುವೆ ತಾಮ್ರದ ಬಣ್ಣದ ಐಪಿಎ, ಬಲತುದಿಗೆ ಡಿಕಾಕ್ಷನ್ನಿನಂಥ ಸ್ಟೌಟ್. ತಿಳಿದವರೆನಿಸಿಕೊಂಡವರು ಈ ಸಾಲನ್ನು ಶಾಲೆಯ ತರಗತಿಗಳಂತೆ ಓದುತ್ತಾರೆ. ಲಾಗರ್ ಅಂದರೆ ಒಂದನೇ ಕ್ಲಾಸು, ಐಪಿಎ ಹಿಡಿಸಿತೆಂದರೆ ಎಸ್ಸೆಸ್ಸೆಲ್ಸಿ, ಸ್ಟೌಟ್ ಮುಟ್ಟಿದವನಿಗೆ ಡಿಗ್ರಿ. ಹತ್ತು ವರ್ಷ ಕುಡಿದೂ ಲಾಗರನ್ನೇ ಕೇಳುವವನನ್ನು ಕಂಡರೆ ಮರುಕ: ಪಾಪ, ನಾಲಿಗೆ ಬೆಳೆಯಲಿಲ್ಲ.

ಈ ಏಣಿಯನ್ನು ನಾನು ಒಪ್ಪುವುದಿಲ್ಲ.

ಲೋಟಗಳನ್ನು ಹಾಗೆ ಜೋಡಿಸುವುದು ನಾಲಿಗೆಯ ಅನುಕೂಲಕ್ಕೆ. ಹುರಿದ ಬಾರ್ಲಿಯ ಕಹಿ ಮೊದಲೇ ಬಾಯಿ ತುಂಬಿದರೆ ಲಾಗರಿನ ನವಿರು ಆಮೇಲೆ ಸಿಕ್ಕುವುದಿಲ್ಲ, ಅಷ್ಟೆ. ಬಾಳೆಲೆಯಲ್ಲಿ ಕೋಸಂಬರಿ ಮೊದಲು, ಮಜ್ಜಿಗೆ ಕೊನೆಗೆ. ಹಾಗೆಂದು ಮಜ್ಜಿಗೆ ಕೋಸಂಬರಿಗಿಂತ ಮೇಲು ಎಂದವರುಂಟೆ? ಕಪ್ಪಗಿದ್ದದ್ದು ಸ್ಟ್ರಾಂಗ್ ಎಂಬ ಇನ್ನೊಂದು ನಂಬಿಕೆಯೂ ನಿಲ್ಲುವುದಿಲ್ಲ. ಕಪ್ಪು ಗಿನ್ನಿಸ್ ಡ್ರಾಫ್ಟಿನಲ್ಲಿ ಆಲ್ಕೋಹಾಲ್ ಶೇ. 4ಕ್ಕೆ ತುಸು ಹೆಚ್ಚು. ನಮ್ಮ ಎಂಎಸ್‌ಐಎಲ್ ಮಳಿಗೆಯಲ್ಲಿ ಸಿಗುವ ಹೊಂಬಣ್ಣದ ಸ್ಟ್ರಾಂಗ್ ಬಾಟಲಿಯಲ್ಲಿ ಶೇ. 8ರವರೆಗೂ ಇರುತ್ತದೆ.

ಐಪಿಎಯ ಕಹಿಯ ಮಾತಿಗೆ ಬರೋಣ. ಹಾಪ್ ಹೂವನ್ನು ಕುದಿಸಿದಾಗ ಅದರ ಆಮ್ಲಗಳು ರೂಪ ಬದಲಿಸಿ ಕಹಿ ಬಿಡುತ್ತವೆ. ಕಹಿಯಾದದ್ದನ್ನು ಉಗಿಯುವುದು ಮನುಷ್ಯನ ಹುಟ್ಟುಗುಣ. ಮತ್ತೆಮತ್ತೆ ಕುಡಿದರೆ, ಜೊತೆಗೆ ಸ್ನೇಹಿತರಿದ್ದರೆ, ಹಾಗಲಕಾಯಿ ಒಗ್ಗಿದಂತೆ ಅದೂ ಒಗ್ಗುತ್ತದೆ. ಒಗ್ಗುವುದು ನಿಜ. ಒಗ್ಗಿದ್ದನ್ನೇ ವಿವೇಕವೆಂದು ಮೆರೆಸುವುದು ಅತಿ.

ಬೆಂಗಳೂರಿನಲ್ಲಿ ಪಬ್ಬಿನಲ್ಲೇ ತಯಾರಾಗುವ ಬಿಯರ್ ಬಳಕೆಗೆ ಬಂದದ್ದು 2010ರ ನಂತರ. ಅದಕ್ಕೆ ಮುಂಚೆ ಬಾಟಲಿಯ ಲಾಗರ್ ಬಿಟ್ಟರೆ ಆಯ್ಕೆಯೇ ಕಡಿಮೆ. ಹಾಗಾದರೆ ಬೆಳೆದದ್ದು ನಮ್ಮ ನಾಲಿಗೆಯೋ, ಪಬ್ಬಿನ ಮೆನುವೋ?

ಇನ್ನು, ಒಂದನೇ ಕ್ಲಾಸೆಂದು ಹೀಗಳೆದ ಲಾಗರಿನ ವಿಷಯ. 1842ರಲ್ಲಿ ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ ಬವೇರಿಯಾದ ಜೋಸೆಫ್ ಗ್ರೋಲ್ ತಯಾರಿಸಿದ ಹೊಂಬಣ್ಣದ ಬಿಯರಿನ ವಂಶ ಇದು. ಅಲ್ಲಿನ ಮೆದು ನೀರು, ಸಾಜ್ ಹಾಪ್, ತಂಪಿನಲ್ಲಿ ನಿಧಾನವಾಗಿ ಹುದುಗೆಬ್ಬಿಸುವ ಯೀಸ್ಟ್, ಆಮೇಲೆ ವಾರಗಟ್ಟಲೆ ತಣ್ಣಗಿನ ವಿಶ್ರಾಂತಿ. ಅವಸರಪಟ್ಟು ಇಳಿಸಿದರೆ ಬೆಣ್ಣೆಯ ವಾಸನೆ ಉಳಿದುಬಿಡುತ್ತದೆ. ಸ್ಟೌಟಿನಲ್ಲಿ ಹುರಿದ ಘಮ ಎಷ್ಟೋ ತಪ್ಪನ್ನು ಮುಚ್ಚಿಕೊಳ್ಳುತ್ತದೆ. ಲಾಗರಿನಲ್ಲಿ ಅಡಗಿಸಲು ಜಾಗವಿಲ್ಲ. ತಿಳಿಸಾರು ಮಾಡುವವರಿಗೆ ಈ ಕಷ್ಟ ಗೊತ್ತು.

ಹಾಗಾದರೆ ವರ್ಷಗಳು ಉರುಳಿದರೂ ರುಚಿ ಬೆಳೆಯುವುದೇ ಇಲ್ಲವೆ? ಬೆಳೆಯುತ್ತದೆ. ಒಂದು ಕಾಲಕ್ಕೆ ‘ಚಿಲ್ಡ್ ಇದೆಯಾ?’ ಎಂದಷ್ಟೇ ಕೇಳುತ್ತಿದ್ದ ನಾನು ಈಗ ಬಿಸಿಲಲ್ಲಿದ್ದ ಹಸಿರು ಬಾಟಲಿಯ ಕಮಟನ್ನು ಮೊದಲ ಗುಟುಕಿಗೇ ಹಿಡಿಯುತ್ತೇನೆ. ಬೆಣ್ಣೆಯ ವಾಸನೆ ಬಂದರೆ ಲೋಟ ವಾಪಸು ಕೊಡುತ್ತೇನೆ. ಕುಡಿಯುವುದು ಮಾತ್ರ ಅಂದಿನದೇ ಲಾಗರ್. ಎಷ್ಟು ಬಗೆ ಕುಡಿದೆ ಎಂಬ ಲೆಕ್ಕ ಬೇರೆ, ಕುಡಿದದ್ದರ ಗುಣದೋಷ ಹೇಳಬಲ್ಲೆನೇ ಎಂಬ ಲೆಕ್ಕ ಬೇರೆ. ರುಚಿ ಅನ್ನುವುದು ಎರಡನೆಯದಕ್ಕೆ ಸೇರಿದ್ದು. ಸ್ಟೌಟ್ ಪ್ರಿಯರಿಗೂ ಇದೇ ಅಳತೆ.

ಮುಂದಿನ ಸಲ ಹಲಗೆ ಬಂದಾಗ ಬಲತುದಿಯವರೆಗೆ ಹೋಗಿ, ಒಂದಷ್ಟು ನೀರು ಕುಡಿದು, ಎಡತುದಿಯ ಲೋಟಕ್ಕೆ ಮರಳಿ ನೋಡಿ. ಅದರ ಬಗ್ಗೆ ಹೇಳಲು ಏನೂ ತೋಚದಿದ್ದರೆ ಕೊರತೆ ಲಾಗರಿನದಿರಬಹುದು. ನಿಮ್ಮ ಡಿಗ್ರಿಯದೂ ಇರಬಹುದು.