ನೋಡುವವರ ಓಣಿ, ಕುದಿಸುವವರ ಒಲೆ

ಚೀನಾದ ಝೆಜಿಯಾಂಗ್ ಪ್ರಾಂತ್ಯದ ಸಾಂಗ್‌ಯಾಂಗ್ ಸೀಮೆಯಲ್ಲಿ ಶಿಂಗ್ ಎಂಬ ಪುಟ್ಟ ಹಳ್ಳಿಯಿದೆ. ಕಬ್ಬಿನ ಹಾಲಿನಿಂದ ಕಂದು ಸಕ್ಕರೆ ಮಾಡುವುದು ಅಲ್ಲಿನ ಕಸುಬು. ಬಗೆ ಹೆಚ್ಚುಕಡಿಮೆ ನಮ್ಮ ಆಲೆಮನೆಯದೇ: ಕಬ್ಬು ಅರೆದು, ಕೊಪ್ಪರಿಗೆಯಲ್ಲಿ ಹಾಲು ಕುದಿಸಿ, ಪಾಕದ ಹದ ನೋಡಿ ಇಳಿಸುವುದು. ಮನೆಮನೆಯ ಇಕ್ಕಟ್ಟಿನಲ್ಲಿ ನಡೆಯುತ್ತಿದ್ದ ಈ ಕೆಲಸಕ್ಕೆ ವಾಸ್ತುಶಿಲ್ಪಿ ಶು ಟಿಯಾನ್‌ಟಿಯಾನ್ 2016ರಲ್ಲಿ ಒಂದು ಕಾರ್ಖಾನೆ ಕಟ್ಟಿಕೊಟ್ಟರು.

ಈ ಕಟ್ಟಡವನ್ನು ನಾನು ಬಲ್ಲದ್ದು ಚಿತ್ರ ಮತ್ತು ನಕ್ಷೆಗಳ ಮೂಲಕ. ಉಕ್ಕಿನ ಹಗುರ ಚೌಕಟ್ಟು, ಇಟ್ಟಿಗೆ, ಗಾಜು. ಸಾಲು ಒಲೆಗಳ ಸುತ್ತ ನೋಡುಗರು ಅಡ್ಡಾಡಲು ಓಣಿ. ಹಂಗಾಮು ವರ್ಷದ ಕೊನೆಯ ಕೆಲವು ತಿಂಗಳಷ್ಟೇ. ಮಿಕ್ಕ ದಿನಗಳಲ್ಲಿ ಅದೇ ಜಾಗ ಊರಿನ ಕೂಟ, ಪ್ರದರ್ಶನಗಳಿಗೆ ಒದಗುತ್ತದೆ. ಹೀಗೆ ಕಾರ್ಖಾನೆಯನ್ನು ವರ್ಷವಿಡೀ ಊರಿನದಾಗಿಸಿದ್ದು ಜಾಣ ಯೋಚನೆ, ಅನುಮಾನವಿಲ್ಲ.

ಆದರೆ ಎಲ್ಲರೂ ಮೆಚ್ಚುವ ಅದರ ‘ತೆರೆದ ಗುಣ’ದ ಬಗ್ಗೆ ನನಗೆ ತಕರಾರಿದೆ. ತೆರೆದದ್ದು ಯಾರಿಗೆ? ಆವಿಯ ನಡುವೆ ಕೊಪ್ಪರಿಗೆ ಕಲಕುವವರು ಪ್ರವಾಸಿಯ ಕಣ್ಣಿಗೆ ನಟರಾಗುತ್ತಾರೆ. ಸಕ್ಕರೆಯ ಜೊತೆಗೆ ಆ ನೋಟವೂ ಮಾರಾಟವಾಗುತ್ತದೆ. ಹಾಗಿದ್ದರೆ ನೋಡಿಸಿಕೊಳ್ಳುವುದೂ ಒಂದು ದುಡಿಮೆಯೇ. ಕೂಲಿಯ ಲೆಕ್ಕದಲ್ಲಿ ಅದಕ್ಕೊಂದು ಕಲಮು ಇರಬೇಕು. ವಾಸ್ತುಶಿಲ್ಪದ ವಿಮರ್ಶೆ ಬೆಳಕು, ವಿನ್ಯಾಸಗಳ ಬಳಿ ನಿಂತುಬಿಟ್ಟರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಅದೇ ಸೀಮೆಯ ತ್ಸಾಯ್‌ಝಾಯ್ ಹಳ್ಳಿಗೆ ಶು 2018ರಲ್ಲಿ ಕಟ್ಟಿದ ತೋಫು ಕಾರ್ಖಾನೆ ನನಗೆ ಹೆಚ್ಚು ಹಿಡಿಸುವುದು ಇದೇ ಕಾರಣಕ್ಕೆ. ಮರದ ಆ ಕಟ್ಟಡ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕೂತಿದೆ. ತೋಫು ತಯಾರಿಯ ಒಂದೊಂದು ಹಂತಕ್ಕೂ ಒಂದೊಂದು ಕೋಣೆ. ಅಲ್ಲೂ ನೋಡುಗರಿಗೆ ದಾರಿಯುಂಟು, ಆದರೆ ಕಟ್ಟಡದ ಆಕಾರವನ್ನು ತೀರ್ಮಾನಿಸಿದ್ದು ಕೆಲಸದ ಕ್ರಮ. ಮನೆಯಲ್ಲಿ ಮಾಡಿದ ತೋಫುವಿಗೆ ಆಹಾರ ಸುರಕ್ಷತೆಯ ಮಾನದಂಡ ಅಡ್ಡಿಯಾಗಿತ್ತು. ಶುಚಿಯಾದ ಈ ಕೋಣೆಗಳಿಂದ ಅದು ಹೊರಗಿನ ಅಂಗಡಿಗಳಿಗೆ ಹೋಗುವ ಅರ್ಹತೆ ಪಡೆಯಿತು. ಹಳ್ಳಿಯ ಗಳಿಕೆಗೆ ಕಟ್ಟಡ ನೆರವಾಗುವುದು ಇಂಥ ಕಣ್ಣಿಗೆ ಬೀಳದ ಕಡೆಗಳಲ್ಲಿ.

ಮಂಡ್ಯದ ಆಲೆಮನೆಯಲ್ಲಿ ನೋಡುಗನಿಗೆ ಬೇರೆ ಓಣಿಯಿಲ್ಲ. ಒಲೆಯ ಹತ್ತಿರವೇ ನಿಂತು ಬಿಸಿಬೆಲ್ಲಕ್ಕೆ ಕೈಯೊಡ್ಡುತ್ತಾನೆ. ಆ ಸಲುಗೆ ಚೆಂದವೇ, ಆದರೆ ಹೊಗೆ ಕುಡಿಯುವವರು ಕೆಲಸದವರು. ನಾಳೆ ಅಲ್ಲಿಗೂ ಗಾಜಿನ ಆಲೆಮನೆ ಬಂದೀತು. ಬಂದರೆ ಅದರ ನಕ್ಷೆಯಲ್ಲಿ ಮೊದಲು ಹೊಗೆಯ ದಾರಿ ಹುಡುಕೋಣ, ಪ್ರವಾಸಿಯ ದಾರಿ ಆಮೇಲೆ.